ಓದಿದ ಕಥೆಯನ್ನು ಥಿಯೇಟರಿನಲ್ಲಿ ನೋಡಬೇಕೆ? ಅಕ್ಕ-ತಮ್ಮನ ಪರ-ವಿರೋಧ

ಪರ: ತಮ್ಮ

ಟೋಲ್ಕಿನ್ ಬರೆದ ‘ದಿ ಹಾಬಿಟ್’ ಕಾದಂಬರಿಯನ್ನು ನಾನು ಮೊದಲು ಓದಿದ್ದಲ್ಲ, ಕೇಳಿದ್ದು. ಮನೆ ಬಿಟ್ಟು ಕದಲದ ಬಿಲ್ಬೋ ಎಂಬ ಗಿಡ್ಡ, ಕಳೆದುಕೊಂಡ ಬೆಟ್ಟವನ್ನು ಮರಳಿ ಪಡೆಯಲು ಹೊರಟ ಕುಳ್ಳರ ಜೊತೆ ಹೋಗುವ ಕಥೆ ಅದು. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಡಿಕೆ ಕೊಯ್ಲು ಶುರುವಾಯಿತೆಂದರೆ ರಾತ್ರಿ ಊಟ ಮುಗಿಸಿ ಹತ್ತು ಹನ್ನೆರಡು ಜನ ಚಪ್ಪರದಡಿ ಮೆಟ್ಟುಗತ್ತಿ ಹಾಕಿಕೊಂಡು ಸುಲಿಯಲು ಕೂರುತ್ತಿದ್ದರು. ನನಗೆ ಆಗ ಹತ್ತು ವರ್ಷ. ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದ ಅಕ್ಕ ಯಾರ ಹತ್ತಿರವೋ ಆ ಇಂಗ್ಲಿಷ್ ಪುಸ್ತಕ ಇಸಕೊಂಡು ಬಂದಿದ್ದಳು. ಹಗಲು ಒಂದು ಅಧ್ಯಾಯ ಓದುವುದು, ರಾತ್ರಿ ಸುಲಿಯುತ್ತ ಅದನ್ನೇ ನಮ್ಮ ಮಾತಿನಲ್ಲಿ ಹೇಳುವುದು. ದೊಡ್ಡಪ್ಪ ಎಲೆಅಡಿಕೆ ಹಾಕಿಕೊಂಡು ಕಂಬಕ್ಕೆ ಒರಗಿ ಕೂತವರು ಅಲ್ಲಲ್ಲಿ ‘ಆಮೇಲೆ?’ ಅನ್ನುತ್ತಿದ್ದರು.

ಅಕ್ಕ ಹೇಳಿದ್ದು ಪುಸ್ತಕದಲ್ಲಿದ್ದ ಕಥೆಯೇ ಏನಲ್ಲ. ಕತ್ತಲೆ ಗುಹೆಯಲ್ಲಿ ಬಿಲ್ಬೋನಿಗೂ ಗೊಲ್ಲಮ್ ಎಂಬ ವಿಚಿತ್ರ ಜೀವಿಗೂ ಒಗಟಿನ ಪಂದ್ಯ ನಡೆಯುತ್ತದಲ್ಲ, ಅಲ್ಲಿ ಇಂಗ್ಲಿಷಿನ ಒಗಟು ಕನ್ನಡಕ್ಕೆ ಬಗ್ಗದೆ ಹೋದಾಗ ಅವಳು ‘ಅಂಗಡಿಯಿಂದ ತರೋದು, ಮುಂದಿಟ್ಟುಕೊಂಡು ಅಳೋದು’ ಅಂತ ಸೇರಿಸಿಬಿಟ್ಟಳು. ಸುಲಿಯುತ್ತಿದ್ದ ಹೆಂಗಸರೆಲ್ಲ ಒಟ್ಟಿಗೆ ‘ಈರುಳ್ಳಿ!’ ಅಂತ ಕೂಗಿದರು. ಮೀನು ಹಸಿಹಸಿ ತಿಂದುಕೊಂಡು ನೆಲದಡಿ ಇರುವ ಗೊಲ್ಲಮ್‌ಗೆ ಈರುಳ್ಳಿ ಮಾರುವ ಅಂಗಡಿ ಎಲ್ಲಿತ್ತು ಅಂತ ಕೇಳಿದ್ದು ನಾನೊಬ್ಬನೇ. ‘ಸುಮ್ನೆ ಕೇಳು’ ಅಂದಳು.

ಅಂದರೆ ನನ್ನ ಪಾಲಿಗೆ ಈ ಕಥೆ ಶುರುವಿನಿಂದಲೂ ರೂಪಾಂತರವೇ. ಮೂಲ ನನ್ನ ಕೈಗೆ ಬಂದದ್ದು ಪಿಯುಸಿ ಮುಗಿದ ಮೇಲೆ. ಆಗ ನನಗೆ ಈರುಳ್ಳಿ ಸಿಗಲಿಲ್ಲವೆಂದು ನಿರಾಸೆಯಾಗಿತ್ತು ಅಂದರೆ ನೀವು ನಂಬಬೇಕು. ಹಾಗಿರುವಾಗ ಸಿನಿಮಾ ಮಾಡಿದವರು ಕಥೆ ಬದಲಾಯಿಸಿದರು ಅಂತ ನಾನು ಯಾವ ಬಾಯಲ್ಲಿ ದೂರಲಿ?

ಮೊದಲ ಭಾಗ ಬಂದದ್ದು 2012ರ ಡಿಸೆಂಬರಿನಲ್ಲಿ. ಅದೂ ಕೊಯ್ಲಿನ ಕಾಲ. ಮನೆಯಲ್ಲಿ ಏನೋ ನೆಪ ಹೇಳಿ ಇಬ್ಬರೂ ಬೆಳಗಿನ ಬಸ್ಸು ಹತ್ತಿದೆವು. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟುವವರೆಗೂ ಅಕ್ಕ ‘ನಾನು ಬರಬಾರದಿತ್ತು’ ಅನ್ನುತ್ತಲೇ ಇದ್ದಳು. ಶಿವಮೊಗ್ಗದ ಆ ಥಿಯೇಟರಿನಲ್ಲಿ ಮ್ಯಾಟಿನಿಗೆ ಮೂವತ್ತು ಜನ ಇದ್ದರೆ ಹೆಚ್ಚು. ಹಿಂದಿನ ಸಾಲಿನಲ್ಲಿ ಇಬ್ಬರು ಹುಡುಗರು ಚಿಪ್ಸ್ ಪೊಟ್ಟಣ ಒಡೆದು ಸದ್ದು ಮಾಡುತ್ತಿದ್ದರು. ಕುಳ್ಳರು ಬಿಲ್ಬೋನ ಮನೆಯ ಒಲೆಯ ಮುಂದೆ ನಿಂತು, ಕಳೆದುಕೊಂಡ ಬೆಟ್ಟದ ಹಾಡನ್ನು ತಗ್ಗಿನ ದನಿಯಲ್ಲಿ ಎತ್ತಿಕೊಂಡರು ನೋಡಿ, ಆ ಪೊಟ್ಟಣದ ಸದ್ದೂ ನಿಂತಿತು. ವಾದ್ಯವಿಲ್ಲ, ಗಂಟಲು ಮಾತ್ರ. ಕೂತ ಕುರ್ಚಿ ಗುಂಯ್ ಅನ್ನುವಂಥ ದನಿ. ಅಕ್ಕ ಕಥೆ ಹೇಳುವಾಗ ಹಾಡು ಬಂದಲ್ಲೆಲ್ಲ ‘ಇಲ್ಲೊಂದು ಹಾಡಿದೆ, ಇರ್ಲಿ ಬಿಡು’ ಅಂತ ಹಾರಿಸುತ್ತಿದ್ದಳು. ಪುಸ್ತಕ ಓದಿದಾಗ ನಾನೂ ಹಾರಿಸಿದ್ದೆ. ಊರು ಬಿಟ್ಟು ಓಡಿಬಂದವರ ಸಂಕಟ ಇದು ಅಂತ ನನಗೆ ಗೊತ್ತಾದದ್ದು ಆ ಮ್ಯಾಟಿನಿಯಲ್ಲಿ. ಓದಿದರೂ ಕಾಣದೆ ಉಳಿದದ್ದನ್ನು ಸಿನಿಮಾ ಕೇಳಿಸಿತು.

ಗುಹೆಯ ದೃಶ್ಯವನ್ನಂತೂ ಹೇಳಲೇಬೇಕು. ಉಂಗುರ ತೊಟ್ಟು ಮರೆಯಾದ ಬಿಲ್ಬೋ ಗೊಲ್ಲಮ್‌ನ ಕುತ್ತಿಗೆಗೆ ಕತ್ತಿ ಹಿಡಿದು ನಿಲ್ಲುತ್ತಾನೆ. ಒಂದು ಏಟು ಸಾಕು. ಗೊಲ್ಲಮ್ ಸುತ್ತ ತಡಕಾಡುತ್ತ ನಿಂತ ಆ ಮುಖವನ್ನು, ದೊಡ್ಡ ಕಣ್ಣುಗಳನ್ನು, ನೋಡಿ ಇವನ ಕೈ ಇಳಿಯುತ್ತದೆ. ಆ್ಯಂಡಿ ಸರ್ಕಿಸ್ ಎಂಬ ನಟನ ಚಲನೆಯನ್ನು ಹಿಡಿದು ಕಂಪ್ಯೂಟರಿನಲ್ಲಿ ಕಟ್ಟಿದ ಮುಖವದು. ನನಗೆ ಅದೆಲ್ಲ ಮರೆತೇ ಹೋಗಿತ್ತು. ಈಗ ಸ್ವಾರಸ್ಯ ಕೇಳಿ: 1937ರಲ್ಲಿ ಪುಸ್ತಕ ಮೊದಲು ಅಚ್ಚಾದಾಗ ಈ ಗಳಿಗೆ ಅದರಲ್ಲಿ ಇರಲೇ ಇಲ್ಲ. ಆ ಗೊಲ್ಲಮ್ ಉಂಗುರವನ್ನೇ ಪಣವಾಗಿಟ್ಟು ಆಡಿ, ಸೋತು, ಕೊಡಲು ಉಂಗುರ ಕಾಣದೆ ಕ್ಷಮೆ ಕೇಳಿ, ಬದಲಿಗೆ ಹೊರಗೆ ಹೋಗುವ ದಾರಿ ತೋರಿಸಿ ಕಳಿಸುತ್ತಾನೆ. ಮುಂದೆ ‘ದಿ ಲಾರ್ಡ್ ಆಫ್ ದ ರಿಂಗ್ಸ್’ ಬರೆಯುವಾಗ ಉಂಗುರದ ಗುಣವೇ ಬದಲಾದದ್ದರಿಂದ ಟೋಲ್ಕಿನ್ 1951ರ ಆವೃತ್ತಿಯಲ್ಲಿ ಅಧ್ಯಾಯವನ್ನು ತಿದ್ದಿ ಬರೆದರು. ಕತ್ತಿ ಹಿಡಿದ ಕೈ ಕರುಣೆಯಿಂದ ಇಳಿದದ್ದು ಆ ತಿದ್ದುಪಡಿಯಲ್ಲಿ. ಬರೆದವನೇ ತನ್ನ ಕಥೆಯನ್ನು ಇನ್ನೊಮ್ಮೆ ಬೇರೆ ಥರ ಹೇಳಿದ್ದಾನೆ. ಮೂಲ ಮೂಲ ಅಂತ ಬಡಿದಾಡುವವರು ಯಾವ ಮೂಲ ಅಂತಲಾದರೂ ಹೇಳಲಿ.

ನಮಗಂತೂ ಇದು ಹೊಸತಲ್ಲ. ಪಂಪ ಹತ್ತನೇ ಶತಮಾನದಲ್ಲಿ ಮಹಾಭಾರತವನ್ನು ತೆಗೆದುಕೊಂಡು ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ, ಅರ್ಜುನನೊಳಗೆ ತನ್ನ ದೊರೆ ಅರಿಕೇಸರಿಯನ್ನು ಕೂರಿಸಿದ. ವ್ಯಾಸರಿಗೆ ಮೋಸವಾಯಿತು ಅಂತ ಯಾರೂ ಎದೆ ಬಡಿದುಕೊಳ್ಳಲಿಲ್ಲ. ಹರಕೆಯ ಯಕ್ಷಗಾನದ ಆಟಕ್ಕೆ ಮೇಳ ಬಂದರೆ ಕಥೆ ಗೊತ್ತಿಲ್ಲದವರು ಯಾರಾದರೂ ಹೋಗುತ್ತಾರೆಯೇ? ಗೊತ್ತಿರುವುದಕ್ಕೇ ಹೋಗುವುದು. ಇವತ್ತಿನ ಕರ್ಣ ಹೇಗೆ ಮಾತಾಡುತ್ತಾನೆ ನೋಡೋಣ ಅಂತ ಬೆಳಗಿನ ತನಕ ಕೂರುವುದು. ಇನ್ನು ಆಗುಂಬೆ ಕಡೆಯವರನ್ನು ಕೇಳಿ. ಆರ್. ಕೆ. ನಾರಾಯಣ್ ಕಲ್ಪನೆಯ ಮಾಲ್ಗುಡಿ ನಮ್ಮ ಮಳೆಯ ಊರಲ್ಲವೇ ಅಲ್ಲ, ಆದರೂ ಶಂಕರನಾಗ್ ಎಂಬತ್ತರ ದಶಕದಲ್ಲಿ ದೂರದರ್ಶನಕ್ಕಾಗಿ ಅಲ್ಲಿಗೆ ಕ್ಯಾಮೆರಾ ಹೊತ್ತು ತಂದರು. ಚಿತ್ರೀಕರಣ ನಡೆದ ಆ ದೊಡ್ಡ ಮನೆ ನೋಡಲು ಜನ ಇವತ್ತಿಗೂ ಬರುತ್ತಾರೆ.

ಒಂದು ಸಣ್ಣ ಪುಸ್ತಕವನ್ನು ಮೂರು ಸಿನಿಮಾ ಮಾಡಿದ್ದು ಜಾಸ್ತಿಯಾಯಿತು, ಒಪ್ಪಿದೆ. ಅಕ್ಕ ಅದನ್ನು ಹಿಡಿದು ಜಗ್ಗುತ್ತಾಳೆ ಅಂತಲೂ ಗೊತ್ತು. ಬಡಿಸಿದ್ದು ಹೆಚ್ಚಾಯಿತು ಅಂತ ಊಟಕ್ಕೇ ಹೋಗಬಾರದು ಅನ್ನಲಾದೀತೇ?

ವಿರೋಧ: ಅಕ್ಕ

ಜಗ್ಗುವುದರಿಂದಲೇ ಶುರುಮಾಡೋಣ. ಪುಸ್ತಕದಲ್ಲಿ ಹತ್ತೊಂಬತ್ತು ಅಧ್ಯಾಯ, ಅದೂ ಮಕ್ಕಳಿಗೆ ಬರೆದದ್ದು. 2012, 2013, 2014, ವರ್ಷಕ್ಕೊಂದರಂತೆ ಬಂದ ಮೂರು ಸಿನಿಮಾಗಳ ಅವಧಿ 169, 161, 144 ನಿಮಿಷ. ಕೂಡಿದರೆ ಎಂಟು ಗಂಟೆಗೆ ಆರು ನಿಮಿಷ ಕಡಿಮೆ. ತುಂಬಿಸಬೇಕಲ್ಲ, ಅದಕ್ಕೆ ಪುಸ್ತಕದಲ್ಲಿ ಹೆಸರೂ ಇಲ್ಲದ ಟಾರಿಯಲ್ ಎಂಬ ಹೆಣ್ಣನ್ನು ಹುಟ್ಟಿಸಿದರು, ಮುಂದಿನ ಪುಸ್ತಕದ ಲೆಗೊಲಸ್‌ನನ್ನು ಕರೆತಂದರು, ಒಬ್ಬ ಕುಳ್ಳನಿಗೆ ಪ್ರೇಮ ಅಂಟಿಸಿದರು. ಇಷ್ಟು ಹೇಳಿ ಬಿಡುತ್ತೇನೆ. ಇದು ಎಲ್ಲರೂ ಹೇಳುವ ತಕರಾರು, ನನ್ನದು ಬೇರೆ.

ಮಾರಾಯ, ನೀನು ಮೂರು ರಕ್ಕಸರ, ಆ ಟ್ರೋಲ್‌ಗಳ, ಸುದ್ದಿಯನ್ನೇ ಎತ್ತಲಿಲ್ಲ. ಬೇಕೆಂದೇ ಬಿಟ್ಟೆಯಾ? ಟ್ರೋಲ್‌ಗಳು ಕುಳ್ಳರನ್ನೆಲ್ಲ ಚೀಲದಲ್ಲಿ ಕಟ್ಟಿ ಹಾಕಿ, ಇವರನ್ನು ಸುಡುವುದೋ ಬೇಯಿಸುವುದೋ ಅಂತ ಜಗಳ ಆಡುತ್ತವೆ. ಪುಸ್ತಕದಲ್ಲಿ ಮಾಂತ್ರಿಕ ಗ್ಯಾಂಡಾಲ್ಫ್ ಮರೆಯಲ್ಲಿ ನಿಂತು ಒಂದೊಂದು ಸಲ ಒಂದೊಂದು ಟ್ರೋಲಿನ ದನಿ ಅನುಕರಿಸಿ ಜಗಳ ಆರಲು ಬಿಡುವುದಿಲ್ಲ. ಮಾತಿಗೆ ಮಾತು ಬೆಳೆದು ಬೆಳಗಾಗುತ್ತದೆ, ಬಿಸಿಲು ಬಿದ್ದು ಕಲ್ಲಾಗುತ್ತವೆ. ಅವು ಸತ್ತದ್ದು ದನಿಯಿಂದ. ಆ ರಾತ್ರಿ ನಾನು ಒಬ್ಬನಿಗೆ ನೆಗಡಿಯ ದನಿ, ಒಬ್ಬನಿಗೆ ಬಾಯ್ತುಂಬ ಎಲೆಅಡಿಕೆ ಇಟ್ಟುಕೊಂಡವನ ದನಿ, ಮೂರನೆಯವನಿಗೆ ಬಾವಿಯೊಳಗಿನ ದನಿ ಕೊಟ್ಟಿದ್ದೆ. ಮೂರರ ನಡುವೆ ನಾಲ್ಕನೆಯದಾಗಿ ಕಳ್ಳದನಿ ಬೇರೆ. ಮರುದಿನ ಗಂಟಲು ಕಟ್ಟಿಹೋಗಿತ್ತು. ನೀನು ಬೆಳಿಗ್ಗೆ ಎದ್ದವನೇ ಗದ್ದೆ ದಾರಿಯ ಸಂಕ ದಾಟಿದ ಮೇಲೆ ಸಿಗುವ ಮೂರು ಕಲ್ಲುಬಂಡೆ ನೋಡಲು ಓಡಿದ್ದೆ. ‘ಅಕ್ಕಾ, ಇವೇ ಅವು’ ಅಂದೆ. ಹಾವಸೆ ಕಟ್ಟಿದ, ದನ ಮೈ ಉಜ್ಜುವ ಬಂಡೆಗಳು.

ಸಿನಿಮಾದಲ್ಲಿ ದನಿಯ ಆಟವೇ ಇಲ್ಲ. ಬಿಲ್ಬೋ ಏನೇನೋ ಹೇಳಿ ಹೊತ್ತು ಕಳೆಯುತ್ತಾನೆ, ಗ್ಯಾಂಡಾಲ್ಫ್ ಬಂದು ಕೋಲಿನಿಂದ ಬಂಡೆ ಸೀಳುತ್ತಾನೆ, ಬಿಸಿಲು ಒಳಗೆ ನುಗ್ಗುತ್ತದೆ. ಬಿಲ್ಬೋನ ಜಾಣತನ ಮೊದಲೇ ತೋರಿಸಿದರು, ಅದು ಒಳ್ಳೆಯದೇ ಅಂತ ನೀನು ವಾಪಸು ಬರುವಾಗ ಬಸ್ಸಿನಲ್ಲಿ ವಾದಿಸಿದ್ದೆ. ಇರಬಹುದು. ಆದರೆ ಕಿವಿಯ ಕೆಲಸವನ್ನು ಕಣ್ಣಿಗೆ ವಹಿಸಿದ್ದು ಸಿನಿಮಾದ ಜಾಯಮಾನ. ಅದಕ್ಕೆ ತೋರಿಸದೆ ಇರಲು ಬರುವುದಿಲ್ಲ.

ಆಟದ ಮಾತು ಎತ್ತಿದೆಯಲ್ಲ, ಆಟದಲ್ಲಿ ಕಾಡು ತೋರಿಸುತ್ತಾರೇನೋ? ಭಾಗವತರ ಪದವೊಂದು, ವೇಷದವನ ಎರಡು ಮಾತು, ರಂಗಸ್ಥಳಕ್ಕೆ ಒಂದು ಸುತ್ತು, ಅಷ್ಟಕ್ಕೆ ಖಾಂಡವವನ ನಿಂತಾಯಿತು. ಇಬ್ಬರು ಹಿಡಿದ ತೆರೆಯ ಮೇಲಿಂದ ಕಿರೀಟದ ತುದಿ ಮಾತ್ರ ಕಂಡರೆ ರಾಕ್ಷಸ ಎಷ್ಟು ಎತ್ತರ ಅಂತ ಅಳೆಯುವವರು ನಾವು. ಪಂಪನೂ ಅಷ್ಟೇ. ಅವನು ಗಂಡಂದಿರ ಲೆಕ್ಕ ಬದಲಾಯಿಸಿರಬಹುದು, ದ್ರೌಪದಿಯ ಮೂಗು ಹೀಗೇ ಇತ್ತು ಅಂತ ಫೋಟೋ ತೆಗೆದು ನನ್ನ ಕೈಗೆ ಕೊಡಲಿಲ್ಲ. ಕಥೆ ತಿದ್ದಿದ್ದಕ್ಕೆ ನನ್ನ ಜಗಳ ಅಲ್ಲ. ತಿದ್ದುವುದು ನನ್ನದೇ ಕಸುಬು, ಈರುಳ್ಳಿ ತಂದವಳು ನಾನು.

ಟೋಲ್ಕಿನ್ 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆ್ಯಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಅದ್ಭುತ ಕಥೆಗಳ ಬಗ್ಗೆ ಒಂದು ಉಪನ್ಯಾಸ ಕೊಟ್ಟಿದ್ದರು. ಅದು ಮುಂದೆ ಪ್ರಬಂಧವಾಗಿ ಅಚ್ಚಾಯಿತು. ಅದರಲ್ಲಿ ಹೇಳಿದ್ದು ಇದನ್ನೇ: ಕಥೆಯಲ್ಲಿ ಒಬ್ಬ ಗುಡ್ಡ ಹತ್ತಿ ಕೆಳಗೆ ಕಣಿವೆಯಲ್ಲಿ ಹೊಳೆ ನೋಡಿದ ಅಂದರೆ, ಓದುವ ಪ್ರತಿಯೊಬ್ಬರೂ ತಾವು ಕಂಡ ಗುಡ್ಡ, ಹೊಳೆಗಳಿಂದ ಅದನ್ನು ಕಟ್ಟಿಕೊಳ್ಳುತ್ತಾರೆ, ಅದರಲ್ಲೂ ಆ ಮಾತಿಗೆ ಮೊದಲು ಅರ್ಥವಾಗಿ ಬಂದ ಗುಡ್ಡದಿಂದ, ಆ ಹೊಳೆಯಿಂದ. ಚಿತ್ರ, ನಾಟಕಗಳು ಒಂದೇ ಆಕಾರವನ್ನು ಮುಂದಿಡುತ್ತವೆ. ತಾವೇ ಆ ಪುಸ್ತಕಕ್ಕೆ ಚಿತ್ರ ಬರೆದವರಲ್ಲವೇ ಅಂತ ನೀನು ಕೇಳಬಹುದು. ಹೌದು, ನಕ್ಷೆಯನ್ನೂ ಬರೆದರು. ತೆಗೆದು ನೋಡು, ಬೆಟ್ಟ, ಹೊಳೆ, ಮರಗಳೇ ಹೆಚ್ಚು, ಮುಖಗಳು ತೀರಾ ಕಡಿಮೆ.

ನನಗೆ ಹೊಳೆ ಅಂದರೆ ತುಂಗೆ. ಮಿರ್ಕ್‌ವುಡ್ ಕಾಡು ಅಂದರೆ ಮನೆಯ ಹಿಂದಿನ ಹಾಡ್ಯ ದಾಟಿದ ಮೇಲಿನ ಕಾನು. ಮಧ್ಯಾಹ್ನ ಮೂರಕ್ಕೇ ಕತ್ತಲೆ, ಕಾಲಿಗೆ ಇಂಬಳ, ಮುಖಕ್ಕೆ ಜೇಡರ ಬಲೆ, ‘ದಾರಿ ಬಿಟ್ಟು ಇಳೀಬೇಡಿ’ ಅನ್ನುವ ಅಮ್ಮನ ಎಚ್ಚರಿಕೆ. ಪುಸ್ತಕದಲ್ಲೂ ದಾರಿ ಬಿಡಬೇಡಿ ಅಂತಲೇ ಹೇಳಿ ಕಳಿಸುತ್ತಾರೆ. ಆಕ್ಸ್‌ಫರ್ಡಿನಲ್ಲಿ ಕೂತು ಬರೆದವನಿಗೆ ನಮ್ಮ ಕಾನು ಹೇಗೆ ಗೊತ್ತಾಯಿತು ಅಂತ ನನಗೆ ಮೈ ಜುಮ್ಮೆಂದಿತ್ತು.

ಮತ್ತೆ ಬಿಲ್ಬೋ. ಬಿಲ್ಬೋ ಅಂದರೆ ನನಗೆ ದೊಡ್ಡಪ್ಪ. ಬೇರೆ ಯಾರೂ ಆಗಲು ಸಾಧ್ಯವಿರಲಿಲ್ಲ. ದುಂಡಗೆ, ಬೆಳಗಿನ ತಿಂಡಿ ಮುಗಿದು ಒಂದು ಗಂಟೆಗೆ ‘ಇನ್ನೆರಡು ಕಡುಬು ಇದ್ಯಾ’ ಅನ್ನುವವರು. ಹೊಳೆಯ ಆಚೆ ದಡದ ಮದುವೆಗೆ ಹೋಗಬೇಕಾದರೆ ಎರಡು ದಿನ ಯೋಚಿಸುವವರು. ಹೊರಟರೂ ಗೇಟಿನವರೆಗೆ ಹೋಗಿ ಹೆಗಲ ವಸ್ತ್ರ ಮರೆತೆ ಅಂತ ವಾಪಸು ಬರುವವರು. ಬಿಲ್ಬೋ ಕರವಸ್ತ್ರ ಮರೆತು ಪೇಚಾಡುವುದನ್ನು ಓದಿದಾಗ ನಾನು ಹಾಸ್ಟೆಲಿನ ಮಂಚದ ಮೇಲೆ ಒಬ್ಬಳೇ ನಕ್ಕಿದ್ದು ಅದಕ್ಕೇ. ಚಪ್ಪರದಡಿ ಆ ಕಥೆ ಹೇಳುವಾಗ ಅವರು ಎದುರಿಗೇ ಕೂತು ‘ಆಮೇಲೆ?’ ಅನ್ನುತ್ತಿದ್ದರು, ತಮ್ಮದೇ ಕಥೆ ಅಂತ ಅವರಿಗೆ ಗೊತ್ತಿರಲಿಲ್ಲ. ಸುಲಿಯಲು ಬರುತ್ತಿದ್ದ ಅಜ್ಜಿಯೊಬ್ಬರು ‘ಆ ಗಿಡ್ಡನಿಗೆ ಮದುವೆ ಆಗಿತ್ತಾ?’ ಅಂತ ಕೇಳಿದಾಗ ದೊಡ್ಡಪ್ಪನೇ ‘ಆಗಿದ್ರೆ ಮನೆ ಬಿಟ್ಟು ಹೋಗೋಕೆ ಬಿಡ್ತಿದ್ರಾ’ ಅಂದರು.

ಅವರು ತೀರಿಕೊಂಡದ್ದು ಸಿನಿಮಾ ಬರುವುದಕ್ಕೆ ನಾಲ್ಕು ವರ್ಷ ಮೊದಲು. ಆ ನಾಲ್ಕು ವರ್ಷ ಪುಸ್ತಕ ತೆರೆದಾಗಲೆಲ್ಲ ಮೊದಲ ಪುಟದಲ್ಲೇ ಸಿಗುತ್ತಿದ್ದರು. ಸಿನಿಮಾ ನೋಡಿ ಬಂದು ವಾರ ಕಳೆದು ಪುಸ್ತಕ ತೆರೆದೆ. ಬಾಗಿಲಲ್ಲಿ ಸಿನಿಮಾದ ಬಿಲ್ಬೋ, ಮಾರ್ಟಿನ್ ಫ್ರೀಮನ್ ನಿಂತಿದ್ದ. ಒಳ್ಳೆಯ ನಟ, ಒಂದು ಮಾತೂ ಅಂದಹಾಗಿಲ್ಲ. ಆದರೆ ದೊಡ್ಡಪ್ಪ ಕೂರುತ್ತಿದ್ದ ಜಾಗದಲ್ಲಿ ಅವನು ಕೂತಿದ್ದ, ಏಳು ಅಂದರೆ ಏಳುತ್ತಿರಲಿಲ್ಲ. ಕಾನು ಇದ್ದಲ್ಲಿ ಸಿನಿಮಾ ತೆಗೆದ ನ್ಯೂಜಿಲೆಂಡ್ ಬಂದಿತ್ತು. ಕಣ್ಣು ಮುಚ್ಚಿಕೊಂಡು ಕಡುಬು, ವಸ್ತ್ರ ಎಲ್ಲ ನೆನಪು ಮಾಡಿಕೊಂಡೆ. ಎರಡು ಸಾಲು ಓದುವಷ್ಟರಲ್ಲಿ ಮತ್ತೆ ಅವನೇ.

ಆಗುಂಬೆಯ ಲಾಭ ಹೇಳಿದೆ. ನನಗೂ ಹೆಮ್ಮೆಯೇ. ಆ ಧಾರಾವಾಹಿ ನನಗೆ ಇವತ್ತಿಗೂ ಇಷ್ಟ, ಅಲ್ಲಿ ನನ್ನ ವಾದ ಸೋಲುತ್ತದೆ ಅಂತ ಬೇಕಾದರೆ ಬರೆದುಕೋ. ಆದರೆ ನಾರಾಯಣ್ ಕಾದಂಬರಿಯ ಸ್ವಾಮಿ ಮತ್ತವನ ಸ್ನೇಹಿತರನ್ನು 1935ರಿಂದ ಐವತ್ತು ವರ್ಷ ಓದಿಕೊಂಡು ಬಂದವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮಾಲ್ಗುಡಿ ಇದ್ದಿರಬೇಕಲ್ಲ. ಯಾರದೋ ಅಜ್ಜನ ಬಿಸಿಲೂರು, ಯಾರದೋ ಬೀದಿ ಕೊನೆಯ ನಲ್ಲಿ. ಅವರೆಲ್ಲ ನಮ್ಮ ಊರನ್ನು ನೋಡಿ ತಮ್ಮದನ್ನು ಖಾಲಿ ಮಾಡಿದರು. ನಾವು ಆಗ ಗೆದ್ದ ಕಡೆಯವರು, ಅಷ್ಟೇ.

ಹಾಡಿನ ವಿಷಯ ಒಪ್ಪುತ್ತೇನೆ. ನನಗೆ ಕಂಠ ಇಲ್ಲ, ಹಾರಿಸಿದ್ದು ಅದಕ್ಕೇ. ಆ ಮ್ಯಾಟಿನಿಯಲ್ಲಿ ನಾನೂ ಸೆರಗು ಬಾಯಿಗೆ ಒತ್ತಿಕೊಂಡಿದ್ದೆ. ಪಕ್ಕದಲ್ಲೇ ಕೂತಿದ್ದ ನೀನು ನೋಡಿಲ್ಲ.

ಈಗ ನನ್ನ ಮಗಳಿಗೆ ಎಂಟು ವರ್ಷ. ಹೋದ ತಿಂಗಳು ರಜೆಗೆ ಊರಿಗೆ ಬಂದವಳಿಗೆ ರಾತ್ರಿ ಟ್ರೋಲಿನ ಕಥೆ ಹೇಳಿದೆ. ಗಂಟಲು ಮೊದಲಿನಂತಿಲ್ಲ, ಆದರೂ ಮೂರು ದನಿ, ಮೇಲೊಂದು ಕಳ್ಳದನಿ ಮಾಡಿದೆ. ಬೆಳಿಗ್ಗೆ ಗದ್ದೆಗೆ ಕರೆದುಕೊಂಡು ಹೋಗಿ ಬಂಡೆ ತೋರಿಸಿದೆ. ಸಂಕದ ಮೇಲೆ ನಿಂತು ಒಂದು ಸಲ ಬಂಡೆ ನೋಡಿದಳು, ಒಂದು ಸಲ ನನ್ನ ಮುಖ ನೋಡಿದಳು.

‘ಇವಲ್ಲಮ್ಮಾ. ಅವು ಬೇರೆ ಥರ ಇದ್ವು.’

‘ನೀನೆಲ್ಲಿ ನೋಡಿದೆ?’

‘ಮಾವನ ಮೊಬೈಲಲ್ಲಿ.’