ಓದುತ್ತಿರುವವರು

ವಾರ್ತೆ ಓದುತ್ತಿದ್ದ ಒಬ್ಬರ ಜೀವನಚರಿತ್ರೆಯನ್ನು ತಿದ್ದಲು ಕುಳಿತು ಇಂದಿಗೆ ಹನ್ನೊಂದನೆಯ ರಾತ್ರಿ. ಇಷ್ಟು ಹೊತ್ತಿಗೆ ಲೇಖನ ಬೆಳೆಯಬೇಕಿತ್ತು. ಆರು ಸಾಲಿದ್ದದ್ದು ನಾಲ್ಕಕ್ಕೆ ಇಳಿದಿದೆ. ಇಳಿಸಿದವನು ನಾನೇ.

ಕನ್ನಡ ವಿಕಿಪೀಡಿಯದಲ್ಲಿ ಇಂಥದ್ದಕ್ಕೆ ಚುಟುಕು ಲೇಖನ ಎನ್ನುತ್ತಾರೆ. ಯಾರ ಮೇಲಿನ ಲೇಖನವೆಂದು ಹೇಳುವುದಿಲ್ಲ. ಹೇಳಿದರೆ ಇದನ್ನು ಓದಿದವರಲ್ಲಿ ನಾಲ್ವರಾದರೂ ಕೂಡಲೇ ಅಲ್ಲಿಗೆ ಹೋಗಿ ‘ಕಂಚಿನ ಕಂಠದ’ ಎಂದು ಸೇರಿಸಿ ಬರುತ್ತಾರೆ. ಅದನ್ನು ಅಳಿಸುವ ಪಾಪ ನನ್ನ ಪಾಲಿಗೆ. ಆಕಾಶವಾಣಿಯಲ್ಲಿ ಕನ್ನಡ ವಾರ್ತೆ ಓದುತ್ತಿದ್ದವರು ಎಂದಷ್ಟೇ ತಿಳಿದರೆ ಸಾಕು. ರೇಡಿಯೊ ಕೇಳಿ ಬೆಳೆದವರಿಗೆ ಇಷ್ಟು ಹೇಳಿದೊಡನೆ ಒಂದು ಹೆಸರು ತಾನಾಗಿಯೇ ಕಿವಿಗೆ ಬರುತ್ತದೆ. ನಿಮಗೆ ಬಂದದ್ದು ಯಾವುದೋ ಅದನ್ನೇ ಇಟ್ಟುಕೊಳ್ಳಿ.

ಮೊದಲ ರಾತ್ರಿ ನಾನು ಅಭಿಮಾನಿಯಾಗಿ ಬರೆದೆ. ‘ಗಂಭೀರ ಧ್ವನಿ, ಸ್ಪಷ್ಟ ಉಚ್ಚಾರಣೆಗಳಿಂದ ಕನ್ನಡಿಗರ ಮನೆಮಾತಾಗಿದ್ದರು’ ಎಂಬ ಸಾಲು ನನ್ನದು. ಬೆಳಗಾಗುವುದರಲ್ಲಿ ಅದರ ಬಾಲಕ್ಕೆ ಯಾರೋ ಒಂದು ಚೀಟಿ ಅಂಟಿಸಿದ್ದರು: ‘ಸೂಕ್ತ ಉಲ್ಲೇಖನ ಬೇಕು’. ನನಗೆ ಸಿಟ್ಟು ಬಂತು. ಇದಕ್ಕೂ ಉಲ್ಲೇಖನವೇ? ಆ ಧ್ವನಿಯನ್ನು ನಾನೇ ಕೇಳಿದ್ದೇನಲ್ಲ! ಆದರೆ ಅಲ್ಲಿಯ ನಿಯಮದ ಪ್ರಕಾರ ನನ್ನ ಕಿವಿ ಪ್ರಮಾಣವಲ್ಲ. ಸ್ವಂತ ಸಂಶೋಧನೆ ಸಲ್ಲದು. ಪತ್ರಿಕೆಯಲ್ಲೋ ಪುಸ್ತಕದಲ್ಲೋ ಒಬ್ಬರು ಅಚ್ಚು ಹಾಕಿಸಿದ್ದರೆ ಸರಿ, ಇಲ್ಲದಿದ್ದರೆ ಲಕ್ಷ ಜನ ಒಟ್ಟಿಗೆ ಕೇಳಿಸಿಕೊಂಡಿದ್ದರೂ ಯಾರೂ ಕೇಳಿದಂತಾಗಲಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಹಿರಿಯರು ಬುದ್ಧಿವಾದಕ್ಕೆಂದು ಹೇಳಿದರು. ಇವರು ಅದನ್ನು ಕಾಯಿದೆ ಮಾಡಿಕೊಂಡಿದ್ದಾರೆ. ಎರಡು ದಿನ ಮುನಿಸಿಕೊಂಡಿದ್ದು, ಮೂರನೆಯ ದಿನ ಆ ಸಾಲನ್ನು ನಾನೇ ಅಳಿಸಿದೆ. ಹಾಗೆ ನೋಡಿದರೆ ಗಂಭೀರವಲ್ಲದ ಧ್ವನಿಯಲ್ಲಿ ವಾರ್ತೆ ಓದಿದವರು ಯಾರಿದ್ದರು?

ಗುಣವಾಚಕಗಳು ಹೋದ ಮೇಲೆ ಸಂಗತಿಗಳನ್ನು ಹುಡುಕಬೇಕಾಯಿತು. ತೊಡಕು ಶುರುವಾದದ್ದೇ ಇಲ್ಲಿ. ನಿಲಯಗಳಿಗೆ ಚರಿತ್ರೆ ಇದೆ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದ್ದು, ಅದಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶಕ್ಕೆಲ್ಲ ಆದದ್ದು, ಧಾರವಾಡ ನಿಲಯ 1950ರಲ್ಲಿ ಶುರುವಾದದ್ದು, ಎಲ್ಲಕ್ಕೂ ದಾಖಲೆ ಸಿಗುತ್ತದೆ. ನಿಲಯ ತೆರೆಯುವ ಮೊದಲು ಬರುವ ಆ ಸಂಕೇತ ಸಂಗೀತಕ್ಕೂ ವಾಲ್ಟರ್ ಕೌಫ್‌ಮನ್ ಎಂಬ ಕರ್ತೃವಿನ ಹೆಸರಿದೆ. ದಿನವೂ ಮನೆಯೊಳಗೆ ಬಂದು ಮಾತನಾಡಿ ಹೋದ ಮನುಷ್ಯನಿಗೆ ಮಾತ್ರ ಹುಟ್ಟಿದ ದಿನವಿಲ್ಲ, ಊರಿಲ್ಲ, ಮುಖವಿಲ್ಲ. ಲೇಖನದ ಬಲಬದಿಯ ಮಾಹಿತಿ ಚೌಕ ಭಾವಚಿತ್ರ ಕೇಳುತ್ತದೆ, ಸಂಗಾತಿಯ ಹೆಸರು ಕೇಳುತ್ತದೆ, ಎತ್ತರವನ್ನೂ ಕೇಳುತ್ತದೆ. ಧ್ವನಿ ಹೇಗಿತ್ತು ಎಂದು ಕೇಳುವ ಮನೆಯೊಂದು ಅದರಲ್ಲಿಲ್ಲ.

ಅವರು ತಮ್ಮ ಬಗ್ಗೆ ಏನೂ ಹೇಳಿಕೊಳ್ಳಲಿಲ್ಲವೇ ಎಂದರೆ, ದಿನವೂ ಹೇಳಿಕೊಂಡರು. ‘ಆಕಾಶವಾಣಿ, ವಾರ್ತೆಗಳು, ಓದುತ್ತಿರುವವರು’ ಎಂದು ಶುರುಮಾಡಿ ಹೆಸರು ಹೇಳಿದರೆ ಅವರ ಆತ್ಮಕಥೆ ಮುಗಿಯಿತು. ಮುಂದಿನದೆಲ್ಲ ಬೇರೆಯವರ ಕಥೆ. ‘ಓದುತ್ತಿರುವವರು’ ಎಂಬ ಪದವನ್ನೇ ನೋಡಿ, ಎಷ್ಟು ಬಿಗಿಯಾಗಿ ಬಾಯಿ ಮುಚ್ಚಿಕೊಂಡಿದೆ! ಓದುವವರು ಗಂಡೋ ಹೆಣ್ಣೋ ಅದು ಹೇಳುವುದಿಲ್ಲ. ಬಹುವಚನವಾದರೂ ಜನ ಹೆಚ್ಚಿದ್ದಾರೆಂದಲ್ಲ, ಗೌರವಕ್ಕೆ. ಅದರಲ್ಲಿ ‘ನಾನು’ ಇಲ್ಲ. ತಾನೇ ಓದುತ್ತಿದ್ದರೂ ಪಕ್ಕದ ಕೋಣೆಯಲ್ಲಿರುವ ಇನ್ನಾರನ್ನೋ ಪರಿಚಯಿಸುವ ಧಾಟಿ. ಸಂಸ್ಕೃತ ವಾರ್ತೆಯದೂ ಇದೇ ರೀತಿ. 1974ರಲ್ಲಿ ಅದು ಆರಂಭವಾದ ಮೇಲೆ, ಸಂಸ್ಕೃತದ ಗಂಧವಿಲ್ಲದವರೂ ‘ಪ್ರವಾಚಕಃ ಬಲದೇವಾನಂದಸಾಗರಃ’ ಎಂದು ಒಪ್ಪಿಸುವುದನ್ನು ಕಲಿತರು. ಆ ಮಹನೀಯರ ಬಗ್ಗೆ ನಮ್ಮಲ್ಲಿ ಬಹುಮಂದಿಗೆ ಗೊತ್ತಿದ್ದದ್ದು ಹೆಸರು, ಮತ್ತು ಹೆಸರಿನ ತುದಿಯ ವಿಸರ್ಗ.

ಹೆಸರು ಹೇಳುವುದೇ ಒಂದು ಕಾಲಕ್ಕೆ ಅತಿಯೆನಿಸಿತ್ತಂತೆ. ಬಿಬಿಸಿಯಲ್ಲಿ ವಾರ್ತೆ ಓದುವವರು ಅನಾಮಿಕರಾಗಿಯೇ ಇದ್ದರು. 1930ರ ಏಪ್ರಿಲ್ 18ರಂದು, ಶುಭ ಶುಕ್ರವಾರ, ಅಲ್ಲಿಯ ಒಬ್ಬರು ‘ಇಂದು ವಾರ್ತೆಗಳಿಲ್ಲ’ ಎಂದು ಓದಿದರು. ಉಳಿದ ಹೊತ್ತು ಪಿಯಾನೊ ನುಡಿಯಿತು. ಪ್ರಸಾರದ ಚರಿತ್ರೆಯಲ್ಲಿ ಇಷ್ಟು ಪ್ರಾಮಾಣಿಕವಾದ ಇನ್ನೊಂದು ವಾಕ್ಯವನ್ನು ನಾನು ಕಾಣೆ, ಆದರೆ ಓದಿದವರ ಹೆಸರನ್ನು ಕೇಳುಗರಿಗೆ ಹೇಳಲಿಲ್ಲ. ಹೇಳಲು ಶುರುಮಾಡಿದ್ದು 1940ರಲ್ಲಿ. ಅದೂ ಕೀರ್ತಿಗಾಗಿ ಅಲ್ಲ. ಜರ್ಮನರು ಬಿಬಿಸಿಯ ಸೋಗು ಹಾಕಿ ಸುಳ್ಳು ಸುದ್ದಿ ಬಿತ್ತಿದರೆ ಜನ ಗುರುತು ಹಿಡಿಯಲಿ ಎಂದು ಆಲ್ವಾರ್ ಲಿಡೆಲ್ ಮೊದಲಾದವರು ಹೆಸರು ಹೇಳಿ ಓದತೊಡಗಿದರು. ಹೆಸರು ಅವರಿಗೆ ಕಾವಲುಗಾರನ ಬಿಲ್ಲೆಯಿದ್ದಂತೆ.

ಅದೇ ವರ್ಷದ ಅಕ್ಟೋಬರ್ 15ರ ರಾತ್ರಿ ಬ್ರೂಸ್ ಬೆಲ್ಫ್ರೇಜ್ ಒಂಬತ್ತು ಗಂಟೆಯ ವಾರ್ತೆ ಓದುತ್ತಿದ್ದಾಗ ಬಿಬಿಸಿ ಕಟ್ಟಡದೊಳಗೇ ಬಾಂಬು ಸಿಡಿಯಿತು. ಏಳು ಜನ ಸತ್ತರು. ಅವರು ಕ್ಷಣಹೊತ್ತು ತಡೆದು ಮುಂದಕ್ಕೆ ಓದಿದರು. ಇದು ಸಿಕ್ಕಿದಾಗ ನನಗೆ ಅಸೂಯೆಯಾಯಿತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಎಂಥ ಘಟನೆ, ಎಷ್ಟು ದಾಖಲೆ! ವಾರ್ತೆ ಓದುವವರ ಜೀವನಚರಿತ್ರೆಯಲ್ಲಿ ಒಂದು ಪ್ಯಾರಾ ಬೆಳೆಯಬೇಕಾದರೆ ಬಾಂಬೇ ಬೀಳಬೇಕೇನೋ. ನಮ್ಮವರ ಮೇಲೆ ಸದ್ಯ ಏನೂ ಬೀಳಲಿಲ್ಲ. ಮಾಸ್ಕೋದ ಯೂರಿ ಲೆವಿತಾನ್ ಅವರದು ಇದಕ್ಕೆ ತದ್ವಿರುದ್ಧ. ಯುದ್ಧ ಶುರುವಾದದ್ದನ್ನೂ ಗೆದ್ದದ್ದನ್ನೂ ಸೋವಿಯತ್ ಜನಕ್ಕೆ ಓದಿ ಹೇಳಿದ ಧ್ವನಿ ಅದು. ಹಿಟ್ಲರ್ ಅವರ ತಲೆಗೆ ಬೆಲೆ ಕಟ್ಟಿದ್ದನೆಂದು ಎಲ್ಲರೂ ಬರೆಯುತ್ತಾರೆ. ಬೆಲೆ ಮಾತ್ರ ಬರೆದವರ ಔದಾರ್ಯದಂತೆ ಏರಿಳಿಯುತ್ತದೆ. ಒಬ್ಬರಿಗೆ ದಾಖಲೆಯಿಲ್ಲ, ಇನ್ನೊಬ್ಬರಿಗೆ ದಂತಕಥೆಯ ಹೊರೆ. ತಿದ್ದುವವನ ಕೆಲಸ ಎರಡು ಕಡೆಯೂ ತಪ್ಪುವುದಿಲ್ಲ.

ನಾನು ಸೇರಿಸಿದ ಸಾಲುಗಳಲ್ಲಿ ಉಳಿದಿರುವುದು ಒಂದೇ, ಮತ್ತು ಅದರ ಬಗ್ಗೆ ನನಗೆ ಹೆಮ್ಮೆಯಿದೆ: ಅವರ ಹುದ್ದೆ ‘ವಾರ್ತಾವಾಚಕ ಮತ್ತು ಅನುವಾದಕ’. ನಾವು ಕೇಳುತ್ತಿದ್ದದ್ದು ಗಂಟಲನ್ನು ಮಾತ್ರ. ಇಂಗ್ಲಿಷಿನಲ್ಲಿ ಬಂದ ಸುದ್ದಿಯ ಹಾಳೆಗಳನ್ನು ಗಡಿಯಾರದ ಮುಳ್ಳು ನೋಡುತ್ತ ಕನ್ನಡ ಮಾಡಿದ್ದೂ ಅವರೇ. ನಿನ್ನೆ ಯಾವುದೋ ದೇಶದಲ್ಲಿ ಹುಟ್ಟಿದ ಪಾರಿಭಾಷಿಕ ಪದಕ್ಕೆ ಇಂದು ಕನ್ನಡ ಹುಡುಕಬೇಕು. ನಿಘಂಟು ಬರುವವರೆಗೆ ಕಾಯುವ ಹಾಗಿಲ್ಲ. ಹುಡುಕಿದ ಮೇಲೆ ನಾಲಿಗೆ ತೊಡರದಂತೆ ಹೇಳಲೂಬೇಕು. ಹಾಗೆ ಮಾಡಿದ ಎಷ್ಟು ಮಾತುಗಳು ನಮ್ಮ ಬಾಯಿಗೆ ಬಂದು ಕುಳಿತಿವೆಯೋ. ಯಾವುದರ ಮೇಲೂ ರುಜುವಿಲ್ಲ.

ಐದನೆಯ ರಾತ್ರಿ ಒಂದು ಕ್ರಿಯಾಪದ ನನ್ನನ್ನು ಅಡ್ಡಹಾಕಿತು. ‘ವಾಚಕರಾಗಿದ್ದಾರೆ’ ಎಂದು ಬರೆಯಬೇಕೋ ‘ವಾಚಕರಾಗಿದ್ದರು’ ಎಂದೋ? ನಿವೃತ್ತರಾಗಿ ಎಷ್ಟೋ ಕಾಲವಾಗಿದೆ. ಈಗ ಇದ್ದಾರೆಯೇ ಎಂಬುದಕ್ಕೇ ಆಧಾರ ಸಿಗಲಿಲ್ಲ. ಬದುಕಿರುವವರ ಬಗ್ಗೆ ಬರೆಯುವಾಗ ಆ ವಿಶ್ವಕೋಶ ಇಮ್ಮಡಿ ಎಚ್ಚರ ಬಯಸುತ್ತದೆ. ಇರುವವರನ್ನು ಒಂದು ‘ದ್ದರು’ವಿನಿಂದ ಕೊಂದರೆ ಅದಕ್ಕಿಂತ ದೊಡ್ಡ ತಪ್ಪು ಯಾವುದು? ಇಂಗ್ಲಿಷಿನಲ್ಲಿ ಬರೆಯುವವರು ಇಂಥಲ್ಲಿ ಸಿಕ್ಕಿಬೀಳುತ್ತಾರೆ. ಅವರ ವಾಕ್ಯಕ್ಕೆ ಕ್ರಿಯಾಪದ ಬೇಕೇ ಬೇಕು, ಅದಕ್ಕೊಂದು ಕಾಲವೂ ಬೇಕು. ನನಗೆ ಕನ್ನಡ ಕೈಹಿಡಿಯಿತು. ‘ಇವರು ಆಕಾಶವಾಣಿಯ ಕನ್ನಡ ವಾರ್ತಾವಾಚಕರು’ ಎಂದು ಬರೆದು ಪೂರ್ಣವಿರಾಮ ಇಟ್ಟೆ. ಕ್ರಿಯಾಪದವಿಲ್ಲ, ಕಾಲವಿಲ್ಲ. ಇನ್ನು ಯಾರು ಬೇಕಾದರೂ ಬಂದು ಚೀಟಿ ಅಂಟಿಸಲಿ.

ಯಾರೂ ಅಂಟಿಸಲಿಲ್ಲ. ಅಷ್ಟಕ್ಕೇ ಬಿಡದೆ, ಯಾರಾದರೂ ಹಳೆಯ ಪತ್ರಿಕೆಯ ತುಣುಕು ಕೊಟ್ಟಾರೆಂದು ಅರಳಿ ಕಟ್ಟೆಯಲ್ಲೂ ಕೇಳಿದೆ. ವಿಕಿಪೀಡಿಯದವರು ಕಲೆತು ಮಾತಾಡುವ ಪುಟಕ್ಕೆ ಕನ್ನಡದಲ್ಲಿ ಇಟ್ಟಿರುವ ಹೆಸರು ಅದು. ಇಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು. ಕಟ್ಟೆಯಲ್ಲಿ ಮಾತು ಬೇಕಾದಷ್ಟು ನಡೆಯಿತು, ತುಣುಕು ಬರಲಿಲ್ಲ.

ನಿನ್ನೆ ರಾತ್ರಿ ಲೇಖನದ ಚರ್ಚೆ ಪುಟದಲ್ಲಿ ಒಂದು ಹೊಸ ಬರಹವಿತ್ತು. ಬರೆದವರ ಹೆಸರಿರಬೇಕಾದ ಜಾಗದಲ್ಲಿ ಬರೀ ಅಂಕಿಗಳು. ‘ಒಮ್ಮೆ ವಾರ್ತೆಯ ನಡುವೆ ಅವರಿಗೆ ಕೆಮ್ಮು ಬಂತು. ಕ್ಷಮಿಸಿ ಎಂದು ಹೇಳಿ, ಅದೇ ವಾಕ್ಯವನ್ನು ಮೊದಲಿನಿಂದ ಓದಿದರು. ನಾನು ಕೇಳಿದ್ದೇನೆ. ಆಧಾರವಿಲ್ಲ.’

ಆ ಕೆಮ್ಮು ನನಗೂ ನೆನಪಿದೆ. ಹಾಗೆಂದು ಅದರ ಕೆಳಗೆ ಬರೆದೆ. ಲೇಖನ ನಾಲ್ಕು ಸಾಲಿನಲ್ಲೇ ಇದೆ.