ಬೈಡನ್ ಕಥೆ ಮುಗಿಯಿತು ಎಂದು ಬೆಟ್ ಕಟ್ಟಿದವನ ಮಾತು

2020ರ ಫೆಬ್ರವರಿ 12ರ ಬೆಳಿಗ್ಗೆ. ಅಮೆರಿಕದ ಅಧ್ಯಕ್ಷ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂದು ರಾಜ್ಯ ರಾಜ್ಯದಲ್ಲಿ ಮತದಾನ ನಡೆಯುತ್ತಿತ್ತು. ಕಾಫಿ ಲೋಟ ಹಿಡಿದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಫಲಿತಾಂಶ ನೋಡುತ್ತಿದ್ದೆ. ಬೈಡನ್ ಐದನೇ ಸ್ಥಾನ, ಮತ ಶೇ. 8ರ ಆಸುಪಾಸು. ಅದಕ್ಕೂ ಎಂಟು ದಿನ ಮುಂಚೆ ಅಯೋವಾದಲ್ಲಿ ನಾಲ್ಕನೇ ಸ್ಥಾನ. ಮತದಾನ ಮುಗಿಯುವ ಮೊದಲೇ ಮನುಷ್ಯ ವಿಮಾನ ಹತ್ತಿ ಸೌತ್ ಕೆರೊಲಿನಾಕ್ಕೆ ಹೊರಟಿದ್ದರು. ನ್ಯೂಜೆರ್ಸಿಯಲ್ಲಿರುವ ಭಾವನಿಗೆ ಮೆಸೇಜ್ ಹಾಕಿದೆ, "ಭಾವ, ನಿಮ್ಮ ಬೈಡನ್ ಗಂಟುಮೂಟೆ ಕಟ್ಟಿದರು."

"ಸೌತ್ ಕೆರೊಲಿನಾ ಆಗಲಿ, ಆಮೇಲೆ ಮಾತಾಡೋಣ" ಎಂದರು. ಬೆಟ್ ಆಯಿತು. ಸೋತವರು ಮನೆಮಂದಿಗೆಲ್ಲ ಮಸಾಲೆ ದೋಸೆ ಕೊಡಿಸಬೇಕು.

ನನ್ನ ತಪ್ಪು ಎಲ್ಲಿತ್ತು ಗೊತ್ತಾ? ನಾನು ಟಿವಿ ನೋಡಿದೆ, ಲೆಕ್ಕ ನೋಡಲಿಲ್ಲ. ಅಲ್ಲಿ ಪಕ್ಷದ ಟಿಕೆಟ್ ನಮ್ಮ ಬಿ ಫಾರಂ ಥರ ಹೈಕಮಾಂಡ್ ಕೈಯಿಂದ ಬರುವುದಿಲ್ಲ. ರಾಜ್ಯ ರಾಜ್ಯದಲ್ಲಿ ಜನ ಮತ ಹಾಕಿ, ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳನ್ನು ಕೊಡಬೇಕು. ಡೆಮಾಕ್ರಟರಲ್ಲಿ ಅಂಥವರು ಆ ವರ್ಷ 3,979. ಅಯೋವಾದ್ದು 41, ನ್ಯೂ ಹ್ಯಾಂಪ್‌ಶೈರ್‌ನದ್ದು 24. ಅಷ್ಟು ಕ್ಯಾಮೆರಾ, ಅಷ್ಟು ಗದ್ದಲ, ಎಲ್ಲ ಸೇರಿ 65ಕ್ಕೆ! ಜೊತೆಗೆ ಇವೆರಡೂ ಬಿಳಿಯರೇ ಜಾಸ್ತಿ ಇರುವ ರಾಜ್ಯಗಳು. ಸೌತ್ ಕೆರೊಲಿನಾದ ಡೆಮಾಕ್ರಟ್ ಮತದಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಕಪ್ಪು ಜನ. ಬೈಡನ್‌ಗೆ ಬಲ ಇದ್ದದ್ದು ಅವರಲ್ಲೇ. ಭಾವ ಕಾಯುತ್ತಿದ್ದದ್ದು ಅದನ್ನೇ.

ಆಮೇಲೆ ನಡೆದದ್ದು ಒಂದೇ ವಾರದ ಆಟ. ಫೆಬ್ರವರಿ 26ಕ್ಕೆ ಅಲ್ಲಿನ ಹಿರಿಯ ಸಂಸದ ಜಿಮ್ ಕ್ಲೈಬರ್ನ್ ಬೈಡನ್ ಪರ ನಿಂತರು. 29ಕ್ಕೆ ಅಲ್ಲಿನ ಮತದಾನದಲ್ಲಿ ಬೈಡನ್‌ಗೆ ಹತ್ತಿರ ಹತ್ತಿರ ಅರ್ಧ ಮತ. ಮಾರನೇ ದಿನ ಎದುರಾಳಿ ಬುಟಿಜೆಜ್ ಕಣ ಬಿಟ್ಟರು, ಅದರ ಮಾರನೇ ದಿನ ಇನ್ನೊಬ್ಬ ಎದುರಾಳಿ ಕ್ಲೋಬುಶಾರ್. ಇಬ್ಬರೂ ಬೈಡನ್ ಕಡೆಗೇ. ಮಾರ್ಚ್ 3, ಸೂಪರ್ ಟ್ಯೂಸ್‌ಡೇ, ಅಂದರೆ ಹಲವು ರಾಜ್ಯಗಳು ಒಂದೇ ದಿನ ಮತ ಹಾಕುವ ಮಂಗಳವಾರ, 14 ರಾಜ್ಯಗಳಲ್ಲಿ 10 ಬೈಡನ್ ಪಾಲು. ಕಣದಲ್ಲಿದ್ದ ಎಲಿಜಬೆತ್ ವಾರನ್ ಅವರ ಸ್ವಂತ ರಾಜ್ಯ ಮ್ಯಾಸಚೂಸೆಟ್ಸ್ ಕೂಡ. ವಾರನ್ ಅಲ್ಲಿ ಮೂರನೇ ಸ್ಥಾನಕ್ಕೆ ಇಳಿದರು, ಪಾಪ.

ಹಾಗಾಗಿ ಈಗ ನಾನು ಯಾರು ಮುಂದಿದ್ದಾರೆ ಎಂದು ನೋಡುವುದನ್ನೇ ಬಿಟ್ಟಿದ್ದೇನೆ. ಹಿಂದೆ ಬಿದ್ದವರು ಯಾವಾಗ ಜಾಗ ಖಾಲಿ ಮಾಡುತ್ತಾರೆ ಎಂದು ನೋಡುತ್ತೇನೆ. 2016ರಲ್ಲಿ ರಿಪಬ್ಲಿಕನ್ನರ ಕಡೆ ಇದರ ಉಲ್ಟಾ ಆಯಿತಲ್ಲ. ಸೌತ್ ಕೆರೊಲಿನಾದಲ್ಲಿ ಟ್ರಂಪ್‌ಗೆ ಬಿದ್ದದ್ದು ಮೂರರಲ್ಲಿ ಒಂದು ಪಾಲಿಗಿಂತಲೂ ಸ್ವಲ್ಪ ಕಡಿಮೆ ಮತ. ಅವರ ಪಕ್ಷದ ನಿಯಮದಿಂದ ಸಿಕ್ಕಿದ್ದು 50ಕ್ಕೆ 50 ಪ್ರತಿನಿಧಿಗಳು. ಎದುರಾಳಿ ಜೆಬ್ ಬುಷ್ ಅಂದೇ ಹೊರನಡೆದರು. ಅವರ ಬೆಂಬಲಿಗರು ಕೂಡಿಸಿದ್ದ 10 ಕೋಟಿ ಡಾಲರ್‌ಗೂ ಹೆಚ್ಚಿನ ಹಣಕ್ಕೆ ಬಂದದ್ದು 4 ಪ್ರತಿನಿಧಿಗಳು. ಆದರೆ ಉಳಿದ ಎದುರಾಳಿಗಳಾದ ಕ್ರೂಜ್, ರುಬಿಯೊ, ಕೇಸಿಕ್ ಮೂವರೂ ನೀನು ಬಿಡು, ನೀನು ಬಿಡು ಎಂದು ಕುಳಿತರು. ಟ್ರಂಪ್ ವಿರೋಧಿ ಮತ ಹಂಚಿಹೋಯಿತು.

2008ರ ರಿಪಬ್ಲಿಕನ್ ಟಿಕೆಟ್‌ಗೆ 2007ರಲ್ಲಿ ಸಮೀಕ್ಷೆಗಳಲ್ಲಿ ಮುಂದಿದ್ದ ರೂಡಿ ಜೂಲಿಯಾನಿಯ ಕಥೆ ಬೇರೆ. ಫ್ಲಾರಿಡಾ ಬರಲಿ ಎಂದು ಕಾದರು, ಅಲ್ಲಿ ಮೂರನೇ ಸ್ಥಾನ, ಅಷ್ಟೇ. ಸೌತ್ ಕೆರೊಲಿನಾ ಬರಲಿ ಎಂದು ಭಾವನೂ ಕಾದವರೇ ಅಲ್ವಾ? ಅವರು ಗೆದ್ದದ್ದರಲ್ಲಿ ಅದೃಷ್ಟವೂ ಸ್ವಲ್ಪ ಇತ್ತು ಎಂದು ನಾನು ಈಗಲೂ ವಾದಿಸುತ್ತೇನೆ.

ಕೊರೋನಾ ಬಂದು ಭಾವ ಎರಡು ವರ್ಷ ಊರಿಗೆ ಬರಲಾಗಲಿಲ್ಲ. ಬಂದಾಗ ಹನ್ನೊಂದು ಜನ, ಹನ್ನೊಂದು ದೋಸೆ, ಮಕ್ಕಳಿಗೆ ಮೇಲೊಂದು ಜಾಮೂನು. ಮೊನ್ನೆ ಫೋನ್ ಮಾಡಿ "2028ಕ್ಕೆ ಯಾರು ಹೇಳು, ನ್ಯೂಸಮ್ಮಾ ಬುಟಿಜೆಜ್ಜಾ?" ಎಂದರು. ಸೂಪರ್ ಟ್ಯೂಸ್‌ಡೇ ಹಿಂದಿನ ರಾತ್ರಿ ಕೇಳಿ ಭಾವ, ಹೇಳ್ತೀನಿ ಎಂದೆ.