ಹೆಲಿಗನ್ ತೋಟದಲ್ಲಿ ಇನ್ನೂ ಕುದುರೆ ಲದ್ದಿಯ ಕಾವಿನಲ್ಲೇ ಅನಾನಸ್ ಬೆಳೆಯಬೇಕೇ?

ಪರ: ಆ ಗುಂಡಿ ತಣ್ಣಗಾಗಬಾರದು

ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ, ಮೆವಾಗಿಸ್ಸಿ ಎಂಬ ಮೀನುಗಾರರ ಊರಿನ ಹತ್ತಿರ ಹೆಲಿಗನ್ ಇದೆ. ಟ್ರೆಮೇನ್ ಎಂಬ ಜಮೀನ್ದಾರಿ ಮನೆತನದ ಆಸ್ತಿ ಅದು. ಮನೆಗೆ ಬೇಕಾದ ಹಣ್ಣು, ಹೂವು, ತರಕಾರಿಗೆಂದು ಎತ್ತರದ ಗೋಡೆಗಳ ನಡುವೆ ತೋಟ ಮಾಡಿದ್ದರು. ಆ ಗೋಡೆ ದನಗಳನ್ನು, ಕಳ್ಳರನ್ನು ತಡೆಯಲು ಮಾತ್ರ ಅಲ್ಲ. ಇಟ್ಟಿಗೆ ಹಗಲು ಹೀರಿದ ಬಿಸಿಲನ್ನು ರಾತ್ರಿ ನಿಧಾನಕ್ಕೆ ಬಿಡುತ್ತದೆ. ಗಾಳಿಗೂ ಅಡ್ಡ ನಿಲ್ಲುತ್ತದೆ. ಇಂಥ ಗೋಡೆಗೆ ಒರಗಿಸಿ ಬೆಳೆಸಿದರೆ ಆ ಚಳಿ ನಾಡಿನಲ್ಲೂ ಪೀಚ್ ಹಣ್ಣಾಗುತ್ತದೆ.

ಅನಾನಸ್‌ಗೆ ಅಷ್ಟು ಬಿಸಿ ಸಾಲದು. ಅದಕ್ಕೆಂದೇ ಅಲ್ಲಿ ಇಟ್ಟಿಗೆಯ ಗುಂಡಿ ಇದೆ. ನಡುವೆ ಗಾಜು ಮುಚ್ಚಿದ ಕಡೆ ಗಿಡ. ಎರಡೂ ಪಕ್ಕದ ಕಾಲುವೆಗಳಲ್ಲಿ ಹಸಿ ಕುದುರೆ ಲದ್ದಿ. ಅದು ಕೊಳೆಯುವಾಗ ಏಳುವ ಕಾವು ಗೋಡೆಯ ಸಂದುಗಳಿಂದ ಒಳಗೆ ಹರಿಯುತ್ತದೆ. ಲದ್ದಿ ತಣ್ಣಗಾದರೆ ಗಿಡ ಸತ್ತಂತೆ. ತೆಗೆದು ಹೊಸದು ತುಂಬುತ್ತಲೇ ಇರಬೇಕು.

ಮೊದಲ ಮಹಾಯುದ್ಧಕ್ಕೆ ಮುಂಚೆ ಈ ತೋಟಗಳಲ್ಲಿ 22 ಮಾಲಿಗಳಿದ್ದರು. 1914ರ ಆಗಸ್ಟ್‌ನಲ್ಲಿ ಅವರಲ್ಲಿ ಕೆಲವರು ತಮ್ಮ ಪಾಯಿಖಾನೆಯ ಸುಣ್ಣದ ಗಾರೆಯ ಮೇಲೆ ಪೆನ್ಸಿಲ್‌ನಿಂದ ಹೆಸರು ಬರೆದರು. ಆಮೇಲೆ ಯುದ್ಧಕ್ಕೆ ಹೋದರು. 1916ಕ್ಕೆ ತೋಟದಲ್ಲಿ ಉಳಿದವರು ಎಂಟೇ ಜನ. ಹೋದವರಲ್ಲಿ ಎಷ್ಟೋ ಮಂದಿ ವಾಪಸ್ ಬರಲಿಲ್ಲ. ತೋಟವನ್ನು ಮುಳ್ಳು, ಬಳ್ಳಿ ನುಂಗಿದವು. 1990ರಲ್ಲಿ, ಮುಂದೆ ಈ ತೋಟವನ್ನು ಮತ್ತೆ ಕಟ್ಟಿದ ಟಿಮ್ ಸ್ಮಿಟ್ ಮತ್ತು ಟ್ರೆಮೇನ್ ವಂಶದ ಜಾನ್ ವಿಲ್ಲಿಸ್ ಕತ್ತಿ ಹಿಡಿದು ಒಳಗೆ ನುಗ್ಗಿದಾಗ ಆ ಹೆಸರುಗಳು ಸಿಕ್ಕವು.

ಗುಂಡಿಯೂ ಸಿಕ್ಕಿತು. ಅದನ್ನು ನಡೆಸುವ ಕೈ ಸಿಗಲಿಲ್ಲ.

ಈ ಮಾತು ನನಗೆ ಯಾಕೆ ನಾಟುತ್ತದೆ ಅಂದರೆ, ಇದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಶಿರಸಿ ಕಡೆಯ ನಮ್ಮ ಅಡಿಕೆ ತೋಟಕ್ಕೆ ಗೊಬ್ಬರ ಯಾವಾಗ ಹಾಕಬೇಕು ಅಂತ ಹೇಳುತ್ತಿದ್ದವರು ದೊಡ್ಡಪ್ಪ. ಗೊಬ್ಬರದ ಗುಂಡಿಗೆ ಬಿದಿರು ಕೋಲು ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಎಳೆದು ಅದರ ತುದಿಯನ್ನು ಮುಂಗೈಗೆ ಮುಟ್ಟಿಸಿಕೊಳ್ಳುತ್ತಿದ್ದರು. 'ಇನ್ನೂ ಎಂಟು ದಿನ ಇರಲಿ' ಎನ್ನುತ್ತಿದ್ದರು. ಅಷ್ಟೇ. ನಾವು ಯಾರೂ ಕಲಿಯಲಿಲ್ಲ. ಅವರು ತೀರಿಕೊಂಡ ವರ್ಷ ನಾನೇ ಆಳುಗಳಿಗೆ ಹೇಳಿ ಗೊಬ್ಬರ ಹಾಕಿಸಿದೆ. ಮೇಲೆ ಕಪ್ಪಗೆ ಚೆನ್ನಾಗಿ ಕಾಣುತ್ತಿತ್ತು. ಒಳಗೆ ಹಸಿಯಾಗಿತ್ತು. ಹೊಸ ಸಸಿಗಳ ಬೇರು ಬೆಂದು ಒಂದು ಸಾಲು ಪೂರ್ತಿ ಹಳದಿಯಾಯಿತು. ದೊಡ್ಡಮ್ಮ ಏನೂ ಅನ್ನಲಿಲ್ಲ. ಆ ಕೋಲನ್ನು ತಂದು ಜಗಲಿಯ ಮೂಲೆಯಲ್ಲಿ ನಿಲ್ಲಿಸಿದರು.

ಹೆಲಿಗನ್‌ನವರು ಹಾಗೆ ಬಿಟ್ಟುಕೊಡಲಿಲ್ಲ. ಲದ್ದಿ ತಂದರು, ತುಂಬಿದರು, ತಪ್ಪಿದರು, ಮತ್ತೆ ತುಂಬಿದರು. 1997ರಲ್ಲಿ ಹಣ್ಣು ಬಂತು. ಮೊದಲು ತಾವೇ ತಿಂದು ನೋಡಿ, ಇನ್ನೊಂದನ್ನು ರಾಣಿ ಎಲಿಜಬೆತ್‌ಗೆ ಅವರ ಮದುವೆಯ 50ನೇ ವರ್ಷಕ್ಕೆ ಕೊಟ್ಟರು.

ಅಂಗಡಿಯಲ್ಲಿ ಅಗ್ಗಕ್ಕೆ ಅನಾನಸ್ ಸಿಗುವಾಗ ಇದೆಲ್ಲ ಯಾಕೆ ಅಂತ ವಿರೋಧಿಸುವವರು ಕೇಳುತ್ತಾರೆ. ಅಂಗಡಿಯಲ್ಲಿ ಹಣ್ಣು ಸಿಗುತ್ತದೆ. ಕಾವು ನೋಡುವ ಕೈ ಸಿಗುತ್ತದಾ? ಅದು ಪ್ರತಿ ವರ್ಷ ಮಾಡಿದರಷ್ಟೇ ಉಳಿಯುತ್ತದೆ. ಒಂದು ತಲೆಮಾರು ಬಿಟ್ಟರೆ ಹೋಯಿತು.

ವಿರೋಧ: ಗೋಡೆ ಇರಲಿ, ದುಡಿಮೆ ಬದಲಾಗಲಿ

ನನಗೆ ವಿರೋಧದ ಬದಿ ಬರೆಯಲು ಹೇಳಿದ್ದಾರೆ. ಪೂರ್ತಿ ವಿರೋಧ ನನಗಿಲ್ಲ. ಹೆಲಿಗನ್ ಉಳಿದದ್ದು ಒಳ್ಳೆಯದೇ. ಆದರೆ ಒಂದೆರಡು ಮಾತು ಹೇಳಲೇಬೇಕು.

ಅನಾನಸ್ ಆ ತೋಟಕ್ಕೆ ಬಂದದ್ದು ಹೊಟ್ಟೆಗಾಗಿ ಅಲ್ಲ. ಹದಿನೆಂಟನೇ ಶತಮಾನದ ಬ್ರಿಟನ್ನಿನಲ್ಲಿ ಅದು ಸಿರಿವಂತಿಕೆ ತೋರಿಸುವ ಹಣ್ಣು. ಔತಣದ ಮೇಜಿನ ಮೇಲೆ ಇಡಲು ಬಾಡಿಗೆಗೂ ಸಿಗುತ್ತಿತ್ತು. ಒಂದು ಹಣ್ಣಿಗಾಗಿ ಗಿಡವನ್ನು ಎರಡು ಎರಡೂವರೆ ವರ್ಷ ಸಾಕಬೇಕು. ಅಷ್ಟೂ ದಿನ ಚಳಿಯಲ್ಲಿ ಲದ್ದಿ ಹೊತ್ತವರು ಮಾಲಿಗಳು, ಅವರ ಕೈಕೆಳಗಿನ ಹುಡುಗರು. ತಿಂದವರು ಮನೆಯವರು. ಹಳೆಯ ಪದ್ಧತಿ ಅಂದಾಗ ಇದೂ ಅದರೊಳಗೇ ಬಂತು, ಅಲ್ವಾ?

ನಮ್ಮಜ್ಜ ಚಿಕ್ಕಮಗಳೂರಿನ ಕಡೆ ಒಂದು ಕಾಫಿ ತೋಟದ ಬಂಗಲೆಯಲ್ಲಿ ಹೂಗಿಡಗಳಿಗೆ ನೀರು ಹೊರುತ್ತಿದ್ದರು. ಗುಲಾಬಿಯ ಹೆಸರುಗಳೆಲ್ಲ ಅವರಿಗೆ ಬರುತ್ತಿದ್ದವು. ಆದರೆ ನಮ್ಮ ಮನೆ ಮುಂದೆ ಒಂದು ಗುಲಾಬಿಯನ್ನೂ ನೆಡಲಿಲ್ಲ. ಯಾಕೆ ಅಂತ ನಾನು ಕೇಳಿರಲಿಲ್ಲ. ಈಗ ಕೇಳಬೇಕು ಅನ್ನಿಸುತ್ತದೆ.

ಕೌಶಲ ಹೋಗಿಬಿಡುತ್ತದೆ ಅನ್ನುವವರಿಗೆ: ಬರೆದಿಡಬಹುದು, ವಿಡಿಯೊ ಮಾಡಿಡಬಹುದು. ಬ್ರಿಟನ್ನಿನಲ್ಲಿ ಎಷ್ಟೋ ಗೋಡೆತೋಟಗಳು ಪಾಳು ಬಿದ್ದವು, ಕೆಲವು ಕಾರು ನಿಲ್ಲಿಸುವ ಜಾಗವಾದವು. ಕೆಲವು ಕಡೆ ಮಾತ್ರ ಮನಸ್ಸಿಗೆ ಕಾಯಿಲೆ ಬಂದವರು, ಕೆಲಸ ಕಲಿಯಬೇಕಾದವರು ಅಲ್ಲಿ ತರಕಾರಿ ಬೆಳೆಯುತ್ತಾರೆ. ಅದೇ ಇಟ್ಟಿಗೆ, ಅದೇ ಬಿಸಿಲು. ತಿನ್ನುವವರು ಬೇರೆ. ನನಗೆ ಅದು ಜಾಸ್ತಿ ಇಷ್ಟ.

ಆ ಗಾರೆಯ ಮೇಲಿನ ಹೆಸರುಗಳನ್ನು ಮಾತ್ರ ಯಾರೂ ಮುಟ್ಟಬಾರದು. ಅದರಲ್ಲಿ ನನಗೂ ಮೇಲೆ ಬರೆದವರಿಗೂ ಜಗಳವಿಲ್ಲ.